ಆಮೆಯ ಉಪವಾಸ

ಒಲ್ಲೆನೆಂದವರಿಗೆ ಉಣಬಡಿಸುವ ಕಲೆಯಲ್ಲಿ ನಮ್ಮ ಜನರನ್ನು ಮೀರಿಸಿದವರು ಇರಲಾರರು. ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಎರಡು ಕೈಗಳನ್ನೂ ಅಡ್ಡ ಹಿಡಿದರೆ, ಬೆರಳುಗಳ ಸಂದಿನಲ್ಲಿ ಹೋಳಿಗೆಯನ್ನು ಜಾರಿಸಿ ಏನೂ ಅರಿಯದವರಂತೆ ಮುಂದೆ ಸಾಗುವ ಜಾಣರು ನಮ್ಮಲ್ಲಿದ್ದಾರೆ. ಹಟ ಹಿಡಿದ ಕೂಸಿಗೆ ಚಂದ್ರನನ್ನು ತೋರಿಸಿ, ಗುಮ್ಮನನ್ನು ಕರೆದು, ಕಾಗೆಗೊಂದು ಗುಬ್ಬಿಗೊಂದು ಎಂದು ಪಾಲು ಹಂಚಿ, ಕಡೆಗೆ ತುತ್ತನ್ನು ಬಾಯೊಳಗೆ ಸೇರಿಸುವ ವಿದ್ಯೆ ನಮ್ಮ ತಾಯಂದಿರಿಗೆ ಕರತಲಾಮಲಕ. ಅತಿಥಿಯ ಕೈಯಲ್ಲಿ ‘ಸಾಕು’ ಎನ್ನಿಸುವವರೆಗೆ ಬಡಿಸುವುದು ಉಪಚಾರ. ‘ಸಾಕು’ ಎಂದ ಮೇಲೆಯೂ ಬಡಿಸುವುದು ಪ್ರೀತಿ. ಈ ಪರಂಪರೆಯಲ್ಲಿ ಬೆಳೆದ ನಾನು ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿ ಒಂದು ಆಮೆಯ ಮುಂದೆ ಸೋತೆ. ಅದು 2022ರ ಡಿಸೆಂಬರ್ ತಿಂಗಳಿನ ಮಾತು.

ಆ ವರ್ಷ ಜೂನ್ ತಿಂಗಳಿನಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಅಮೆರಿಕದ ಷಿಕಾಗೋ ನಗರಕ್ಕೆ ಪಶ್ಚಿಮದಲ್ಲಿರುವ ಒಂದು ಉಪನಗರದಲ್ಲಿ ನನ್ನ ಮಗಳ ಸಂಸಾರ. ಅಲ್ಲಿಯ ಚಳಿಗಾಲ ನನ್ನ ವಯಸ್ಸಿನವನಿಗೆ ಹೇಳಿದ್ದಲ್ಲವೆಂದು ಮಗಳಿಗೂ ಗೊತ್ತು. ಆದರೂ ಮೈಸೂರಿನ ಮನೆಯಲ್ಲಿ ಒಬ್ಬನೇ ಕುಳಿತಿರುವುದಕ್ಕಿಂತ ಅದು ಲೇಸೆಂದು ಹಟಮಾಡಿ ಕರೆಸಿಕೊಂಡಳು. ನವೆಂಬರಿನ ನಡುವಿನಲ್ಲಿ ಹೋದೆ. ಮನೆಯಲ್ಲಿ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು. ಇವರಲ್ಲದೆ ಊಟದ ಮನೆಯ ಮೂಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ. ಅದರಲ್ಲಿ ಪೆನ್ನಿ ಎಂಬ ಹೆಸರಿನ ಆಮೆ.

ಪೆನ್ನಿ ಎಂದರೆ ಅವರ ನಾಣ್ಯಗಳಲ್ಲಿ ಅತ್ಯಂತ ಕಿರಿದು. ಆದ್ದರಿಂದ ನಾನು ಅದನ್ನು ಕಾಸವ್ವ ಎಂದು ಕರೆದೆ. ಮೊಮ್ಮಗಳಿಗೆ ಅದು ಮೆಚ್ಚಿಗೆಯಾಯಿತು. ಕಾಸವ್ವ ಮೊದಲು ಒಂದು ಶಾಲೆಯ ತರಗತಿಯಲ್ಲಿದ್ದವಳು. ಅವಳನ್ನು ಸಾಕಿದ್ದ ಉಪಾಧ್ಯಾಯಿನಿ ಊರು ಬಿಟ್ಟು ಹೋಗುವಾಗ ಈ ಮಗು ಕಾಡಿ ಬೇಡಿ ಮನೆಗೆ ತಂದಿತ್ತು. ಚಿಪ್ಪಿನ ಉದ್ದ ಹತ್ತು ಅಂಗುಲ. ಮೈ ಹಸಿರು ಕಂದು. ಕಣ್ಣಿನ ಹಿಂದೆ, ಕಿವಿ ಇರಬೇಕಾದ ಜಾಗದಲ್ಲಿ, ಕುಂಕುಮದ ಕೈ ತಗುಲಿದಂತೆ ಒಂದು ಕೆಂಪು ಪಟ್ಟಿ. ಈ ಪಟ್ಟಿಯಿಂದಲೇ ಜಗತ್ತೆಲ್ಲ ಇದನ್ನು ಕೆಂಪುಕಿವಿಯ ಆಮೆಯೆಂದು ಗುರುತಿಸುತ್ತದೆ. ಇದರ ತವರು ಮಿಸಿಸಿಪ್ಪಿ ನದಿಯ ಕಣಿವೆ. ಹಾಗಾಗಿ ಆ ಮನೆಯಲ್ಲಿ ನಿಜವಾದ ಸ್ಥಳೀಯರೆಂದರೆ ಕಾಸವ್ವ ಒಬ್ಬಳೇ. ಉಳಿದವರೆಲ್ಲ ವಲಸೆ ಬಂದವರು.

ಈ ಜಾತಿಯ ಆಮೆಗೆ ಒಂದು ದುಃಖದ ಚರಿತ್ರೆಯಿದೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ರೂಪಾಯಿಯಗಲದ ಮರಿಗಳನ್ನು, ಪ್ಲಾಸ್ಟಿಕ್ಕಿನ ಈಚಲ ಮರ ನೆಟ್ಟ ಪುಟ್ಟ ಬಟ್ಟಲುಗಳಲ್ಲಿ ಇಟ್ಟು ಮಾರುತ್ತಿದ್ದರು. ಆಟಿಕೆಗೂ ಅದಕ್ಕೂ ಭೇದವಿರಲಿಲ್ಲ. ಬಿಸಿಲಿಲ್ಲದ ಕೋಣೆಯಲ್ಲಿ, ತಣ್ಣೀರಿನ ಬಟ್ಟಲಿನಲ್ಲಿ, ಉಣ್ಣದೆ ಸತ್ತ ಮರಿಗಳಿಗೆ ಲೆಕ್ಕವಿಲ್ಲ. ಅವುಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ಕರುಳಿನ ಸೋಂಕು ಹರಡುತ್ತದೆಂದು ತಿಳಿದ ಮೇಲೆ, 1975ರಲ್ಲಿ, ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಲ್ಲಿಯ ಸರ್ಕಾರ ನಿಷೇಧಿಸಿತು. ಆಮೆಗಳಿಗಾಗಿ ಅಲ್ಲ, ಮಕ್ಕಳಿಗಾಗಿ. ಆದರೂ ಆಮೆಗಳಿಗೆ ಒಳ್ಳೆಯದೇ ಆಯಿತು. ಕಾಸವ್ವನನ್ನು ಮುಟ್ಟಿದವರು ಸೋಪಿನಿಂದ ಕೈ ತೊಳೆಯದೆ ಅಡಿಗೆ ಮನೆಗೆ ಕಾಲಿಡಬಾರದೆಂಬ ನಿಯಮ ನನ್ನ ಮಗಳ ಮನೆಯಲ್ಲಿತ್ತು. ನನ್ನ ಅಜ್ಜಿಯ ಮಡಿಗೂ ಇಷ್ಟು ಬಿಗಿ ಇರಲಿಲ್ಲ.

ಡಿಸೆಂಬರಿನ ಮೊದಲ ವಾರದಲ್ಲಿ ಕಾಸವ್ವ ಊಟ ಬಿಟ್ಟಳು. ಮೊದಲು ಎರಡು ದಿನ ಅರ್ಧ ತಿಂದು ಬಿಟ್ಟಳು. ಮೂರನೆಯ ದಿನ ಮೂಸಿ ಹಿಂದಕ್ಕೆ ಸರಿದಳು. ಆಮೇಲೆ ಮೂಸುವುದನ್ನೂ ನಿಲ್ಲಿಸಿದಳು. ಅದುವರೆಗೆ ತೊಟ್ಟಿಯ ಹತ್ತಿರ ಯಾರ ನೆರಳು ಸುಳಿದರೂ ಗಾಜಿಗೆ ಮುಖವೊತ್ತಿ ನಾಲ್ಕು ಕೈಕಾಲುಗಳನ್ನೂ ಬಡಿಯುತ್ತ ‘ತಾ ತಾ’ ಎನ್ನುತ್ತಿದ್ದ ಪ್ರಾಣಿ, ತಳದ ಕಲ್ಲುಗಳ ನಡುವೆ ಕಲ್ಲಾಗಿ ಕುಳಿತಿತು.

ಮೊಮ್ಮಗಳ ಮುಖ ಬಾಡಿತು. ಮಗಳು ಅವಳನ್ನೇ ಗದರಿಸಿದಳು: ‘ಸಾಕುತ್ತೇನೆಂದು ತಂದವಳು ನೀನು, ನೀರು ಬದಲಾಯಿಸಿದೆಯಾ? ಹೊತ್ತಿಗೆ ಸರಿಯಾಗಿ ಹಾಕಿದೆಯಾ?’ ಮಗು ಮಾತಾಡಲಿಲ್ಲ. ಒಂದು ಹಳೆಯ ನೋಟುಪುಸ್ತಕವನ್ನು ತಂದು ಮುಂದಿಟ್ಟಿತು. ಅದರಲ್ಲಿ ಪ್ರತಿದಿನದ ಲೆಕ್ಕವೂ ಇತ್ತು: ತಾರೀಖು, ಹಾಕಿದ ಆಹಾರ, ತಿಂದ ಆಹಾರ, ಮತ್ತು ಶಾಲೆಯಿಂದ ಬಂದೊಡನೆ ನಾಲ್ಕು ಗಂಟೆಗೆ ನೋಡಿದ ನೀರಿನ ಉಷ್ಣಮಾನ. ತಿಂಗಳಿಗೊಮ್ಮೆ ಅಡಿಗೆ ಮನೆಯ ತಕ್ಕಡಿಯಲ್ಲಿ ತೂಗಿದ ತೂಕವೂ ಇತ್ತು. ‘ತಿಂದ ಆಹಾರ’ದ ಕಲಮಿನಲ್ಲಿ ಡಿಸೆಂಬರ್ 7ರಿಂದ ಮುಂದಕ್ಕೆ ಸೊನ್ನೆಗಳು ಸಾಲಾಗಿ ನಿಂತಿದ್ದವು. ಮೂವತ್ತೈದು ವರ್ಷ ಹಾಜರಿ ಪುಸ್ತಕ ಬರೆದವನು ನಾನು. ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನೆಂದೂ ಇಟ್ಟವನಲ್ಲ.

ಆಗ ನಾನು ರಂಗಕ್ಕಿಳಿದೆ. ಕ್ಯಾರೆಟ್ಟನ್ನು ತುರಿದು ಹಾಕಿದೆ. ಬಟಾಣಿಯ ಸಿಪ್ಪೆ ಸುಲಿದು ಹಾಕಿದೆ. ಕೆಂಪು ಬಣ್ಣಕ್ಕೆ ಆಮೆಗಳು ಮರುಳಾಗುತ್ತವೆಂದು ಯಾರೋ ಹೇಳಿದರೆಂದು ಸ್ಟ್ರಾಬೆರಿ ಹಣ್ಣನ್ನು ಚೂರು ಮಾಡಿ ದಾರಕ್ಕೆ ಕಟ್ಟಿ ಮೂಗಿನ ಮುಂದೆ ಆಡಿಸಿದೆ. ಒಣಗಿಸಿದ ಸಿಗಡಿಯನ್ನು (ಶಾಕಾಹಾರಿಯಾದ ನಾನು ಮೂಗು ಮುಚ್ಚಿಕೊಂಡು) ಚಿಮಟಿಗೆಯಲ್ಲಿ ಹಿಡಿದು ನೀರಿನಲ್ಲಿ ಈಜಿಸಿದೆ. ಒಂದು ದಿನ ಯಾರೂ ಇಲ್ಲದಾಗ ನೀರಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, ತುಟಿಗೆ ಒಂದಗುಳು ಅನ್ನವನ್ನೂ ಒತ್ತಿ ನೋಡಿದೆ. ಈ ಜಾತಿಯ ಆಮೆಗೆ ನೀರಿನೊಳಗಲ್ಲದೆ ನುಂಗಲಾಗುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅದರ ನಾಲಗೆ ನಮ್ಮದರಂತೆ ಹೊರಳುವುದಿಲ್ಲ. ತುತ್ತನ್ನು ಗಂಟಲಿಗೆ ಒಯ್ಯುವುದು ನೀರೇ. ಕಾಸವ್ವ ಕಣ್ಣು ಮುಚ್ಚಿ ತಲೆಯನ್ನು ಒಳಕ್ಕೆಳೆದುಕೊಂಡಳು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಹೇಳಿದ ಹೋಲಿಕೆಯನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ನನಗೆ ಹಿಂದೆ ದೊರೆತಿರಲಿಲ್ಲ. ಆದರೆ ಅದನ್ನು ಕಂಡು ಸಂತೋಷಪಡುವ ಸ್ಥಿತಿ ನನ್ನದಾಗಿರಲಿಲ್ಲ. ತಿನ್ನದೆ ಬಿಟ್ಟ ತಿನಿಸೆಲ್ಲ ನೀರಿನಲ್ಲಿ ಕೊಳೆತು, ಮಗು ಎರಡು ದಿನಕ್ಕೊಮ್ಮೆ ತೊಟ್ಟಿಯನ್ನು ತೊಳೆಯಬೇಕಾಯಿತು.

ಮೀನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ಬರಿಯ ನೆನಹಿನಿಂದ ಮರಿಗಳನ್ನು ಸಲಹುತ್ತವೆಂದು ನಮ್ಮ ಹಿರಿಯರು ನಂಬಿದ್ದರು. ಮೊಟ್ಟೆಯನ್ನು ದಡದ ಮರಳಿನಲ್ಲಿ ಹೂಳಿ ನೀರಿಗೆ ಮರಳಿದ ತಾಯಿ, ದೂರದಲ್ಲಿದ್ದೇ ಧ್ಯಾನಿಸುತ್ತದೆ. ಆ ಧ್ಯಾನವೇ ಮರಿಗೆ ಆಹಾರ. ಈ ಮಾತನ್ನು ಮೊಮ್ಮಗಳಿಗೆ ಹೇಳಿದೆ. ಅದು ಸ್ವಲ್ಪ ಯೋಚಿಸಿ, ‘ಹಾಗಾದರೆ ನಾವೂ ಅವಳನ್ನು ನೆನೆಯೋಣ’ ಎಂದು ತೊಟ್ಟಿಯ ಮುಂದೆ ಕಣ್ಣುಮುಚ್ಚಿ ಕುಳಿತಿತು. ಸತ್ಯವೆಂದರೆ ಆಮೆಯ ತಾಯಿ ಮೊಟ್ಟೆಯನ್ನು ಹೂಳಿದ ಮೇಲೆ ಮತ್ತೆ ತಿರುಗಿ ನೋಡುವುದಿಲ್ಲ. ಮೊಟ್ಟೆಯನ್ನು ಮರಿಮಾಡುವುದು ಮಣ್ಣಿನ ಬಿಸುಪು. ಅದನ್ನು ಆ ಹೊತ್ತಿನಲ್ಲಿ ಹೇಳುವ ಮನಸ್ಸಾಗಲಿಲ್ಲ. ಬಿಸುಪು ಎಂಬ ಮಾತಿನಲ್ಲೇ ನಮ್ಮ ಕಷ್ಟದ ಕೀಲಿಕೈ ಇತ್ತೆಂಬುದೂ ಆಗ ಹೊಳೆಯಲಿಲ್ಲ.

ಮನೆಯ ಹಿಂದೆ, ಬೇಲಿಯಾಚೆ, ಮಳೆಯ ನೀರು ನಿಲ್ಲಲೆಂದು ಕಟ್ಟಿದ ಒಂದು ಕೊಳವಿದೆ. ಬೇಸಿಗೆಯಲ್ಲಿ ಅದರ ನಡುವಿನ ದಿಮ್ಮಿಯ ಮೇಲೆ ಇದೇ ಕೆಂಪುಕಿವಿಯ ಆಮೆಗಳೂ, ಬಣ್ಣದಾಮೆಗಳೆಂಬ ಅವುಗಳ ದಾಯಾದಿಗಳೂ ಸಾಲಾಗಿ ಬಿಸಿಲು ಕಾಯುತ್ತ ಕುಳಿತಿರುತ್ತವಂತೆ. ಡಿಸೆಂಬರ್ 22ರ ರಾತ್ರಿ ಹಿಮದ ಬಿರುಗಾಳಿ ಬೀಸಿತು. ಮರುದಿನ ಬೆಳಿಗ್ಗೆ ಉಷ್ಣಮಾನ ಸೊನ್ನೆಗಿಂತ 20 ಸೆಂಟಿಗ್ರೇಡ್ ಡಿಗ್ರಿಗೂ ಕೆಳಗೆ ಇಳಿದಿತ್ತು. ಕೊಳ ಕಲ್ಲಿನ ಚಪ್ಪಡಿಯಂತೆ ಹೆಪ್ಪುಗಟ್ಟಿತ್ತು. ಮೊಮ್ಮಗಳು ಕಿಟಕಿಯಿಂದ ಅದನ್ನು ನೋಡುತ್ತ ಕೇಳಿತು: ‘ತಾತ, ಅಲ್ಲಿರುವ ಆಮೆಗಳು ಏಪ್ರಿಲಿನವರೆಗೂ ಏನೂ ತಿನ್ನುವುದಿಲ್ಲ. ಅವು ಸಾಯುವುದಿಲ್ಲ. ನಮ್ಮ ಪೆನ್ನಿ ಮಾತ್ರ ಏಕೆ ಸಾಯಬೇಕು?’

ಸಾಯುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಹಿಂದಿನ ಜೂನಿನಿಂದ ಆ ಶಬ್ದವನ್ನು ನಾವೆಲ್ಲ ಸುತ್ತುಬಳಸಿ ದಾಟುತ್ತಿದ್ದೆವು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಒಳ್ಳೆಯದು. ಅದರ ಉತ್ತರವನ್ನು ಹುಡುಕಿ ಓದಿದೆ. ವಾಚಕರಿಗೂ ಅದನ್ನು ತುಸು ವಿವರವಾಗಿ ಹೇಳಬೇಕು.

ನಮ್ಮ ಮೈಯ ಬಿಸಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ. ಉಣ್ಣುವ ಅನ್ನದ ಬಹುಪಾಲು ಈ ಒಲೆಗೆ ಸೌದೆ. ಆಮೆಯಲ್ಲಿ ಇಂಥ ಒಲೆಯಿಲ್ಲ. ಸುತ್ತಲಿನ ನೀರು ಎಷ್ಟು ಬೆಚ್ಚಗೋ ಅದರ ರಕ್ತ ಅಷ್ಟೇ ಬೆಚ್ಚಗೆ. ಹತ್ತು ಡಿಗ್ರಿ ತಣ್ಣಗಾದರೆ ಅದರ ದೇಹದ ವ್ಯಾಪಾರವೆಲ್ಲ ಅರ್ಧಕ್ಕೋ ಅರ್ಧಕ್ಕಿಂತ ಕೆಳಗೋ ಇಳಿಯುತ್ತದೆ: ಹೃದಯದ ಬಡಿತ, ಉಸಿರು, ಜೀರ್ಣರಸಗಳ ಕೆಲಸ ಎಲ್ಲವೂ. ಹಸಿವು ಎಂಬುದು ಈ ವ್ಯಾಪಾರದ ಕೊನೆಯ ಗಿರಾಕಿ. ಅಂಗಡಿ ಮುಚ್ಚುವಾಗ ಮೊದಲು ಹೊರಡುವವನು ಅವನೇ. ಅದು ಸರಿಯೂ ಹೌದು. ತಣ್ಣಗಿರುವ ಹೊಟ್ಟೆಗೆ ಅನ್ನ ಹೋದರೆ ಅದು ಅರಗುವುದಿಲ್ಲ, ಕೊಳೆಯುತ್ತದೆ. ಹಾಗಾಗಿ ಚಳಿಯಲ್ಲಿ ಆಮೆ ಉಣ್ಣದಿರುವುದು ಹಟವಲ್ಲ, ವಿವೇಕ.

ಕೊಳದ ಆಮೆ ಮಂಜುಗಡ್ಡೆಯ ಕೆಳಗೆ ಏನು ಮಾಡುತ್ತದೆ? ಅಲ್ಲಿಯ ನೀರು 3–4 ಡಿಗ್ರಿ. ಆ ತಣ್ಣಸದಲ್ಲಿ ದೀಪದ ಬತ್ತಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ ಅದು ಕೆಸರಿನಲ್ಲಿ ಮಲಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಜ್ಯಾಕ್‌ಸನ್ ಎಂಬ ವಿಜ್ಞಾನಿ ಬಣ್ಣದಾಮೆಗಳ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದರು. ಆ ತಣ್ಣೀರಿನಲ್ಲಿ, ಆಮ್ಲಜನಕವೇ ಇಲ್ಲದೆ, ಈ ಆಮೆ ಮೂರು ತಿಂಗಳಿಗೂ ಮೀರಿ ಬದುಕಬಲ್ಲದೆಂದು ಅವರು ತೋರಿಸಿದರು. ಹೃದಯ ಬಡಿಯುವುದು ಎರಡು ಮೂರು ನಿಮಿಷಕ್ಕೊಮ್ಮೆ. ಗಾಳಿಯಿಲ್ಲದ ಬಾಳಿನಲ್ಲಿ ರಕ್ತದೊಳಗೆ ಆಮ್ಲ ಸೇರುತ್ತ ಹೋಗುತ್ತದೆ. ಓಡಿ ಬಳಲಿದವನ ಕಾಲಿನಲ್ಲಿ ಸೇರುವ ಆಮ್ಲವೇ ಅದು. ಬೇರೆ ಪ್ರಾಣಿಗಾದರೆ ಅದು ಮೃತ್ಯು. ಆಮೆಯಾದರೋ ತನ್ನ ಚಿಪ್ಪನ್ನೇ ಕರಗಿಸುತ್ತದೆ. ಚಿಪ್ಪಿನ ಸುಣ್ಣ ರಕ್ತಕ್ಕಿಳಿದು ಆಮ್ಲದ ಹುಳಿಯನ್ನು ಮುರಿಯುತ್ತದೆ. ಉಳಿದ ಆಮ್ಲದಲ್ಲಿ ಒಂದು ಭಾಗವನ್ನು ಚಿಪ್ಪು ತನ್ನೊಳಗೇ ಹುದುಗಿಸಿಕೊಳ್ಳುತ್ತದೆ. ಶತ್ರುವಿನ ಹಲ್ಲಿಗೆಂದು ಕಟ್ಟಿದ ಕೋಟೆ ಚಳಿಗಾಲದಲ್ಲಿ ಔಷಧದ ಪೆಟ್ಟಿಗೆಯಾಗುತ್ತದೆ. ಸಮುದ್ರಮಥನದ ಭಾರವನ್ನು ಬೆನ್ನಿನ ಮೇಲೆ ಹೊತ್ತ ಕೂರ್ಮನ ಕಥೆಗಿಂತ ಇದು ನನಗೆ ಕಡಮೆ ಅದ್ಭುತವಾಗಿ ತೋರಲಿಲ್ಲ.

ಅಂದರೆ ಆಮೆಗೆ ಎರಡು ಬಾಳುಗಳಿವೆ. ಪೂರ್ತಿ ಬೆಚ್ಚಗಿದ್ದು ಉಣ್ಣುವುದು ಒಂದು. ಪೂರ್ತಿ ತಣ್ಣಗಿದ್ದು ಮಲಗುವುದು ಇನ್ನೊಂದು. ಅಪಾಯವಿರುವುದು ಎರಡರ ನಡುವಿನ ಹೊಸ್ತಿಲಲ್ಲಿ. ನೀರು 15–18 ಡಿಗ್ರಿಯಲ್ಲಿದ್ದರೆ ನಿದ್ದೆ ಹತ್ತುವಷ್ಟು ತಂಪಲ್ಲ, ಅನ್ನ ಅರಗುವಷ್ಟು ಬಿಸಿಯಲ್ಲ. ಎಚ್ಚರದಲ್ಲಿದ್ದೇ ಉಪವಾಸ, ಮೈಯ ಕೊಬ್ಬು ಕರಗುತ್ತ ಹೋಗುತ್ತದೆ, ರೋಗವನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ, ಶ್ವಾಸಕೋಶಕ್ಕೆ ಕಫ ಕಟ್ಟುತ್ತದೆ. ಮನೆಯೊಳಗೆ ಸಾಕಿದ ಆಮೆಗಳು ಚಳಿಗಾಲದಲ್ಲಿ ಕೆಡುವುದು ಬಹುಮಟ್ಟಿಗೆ ಈ ಹೊಸ್ತಿಲಿನ ಮೇಲೆಯೇ.

ಇಲ್ಲಿ ನನ್ನ ಬಾಲ್ಯದ ಊರಿನ ಕೆರೆಯ ನೆನಪನ್ನು ತಡೆಯಲಾರೆ. ಮೈಸೂರು ಸೀಮೆಯ ಎಷ್ಟೋ ಕೆರೆಗಳಂತೆ ಅದೂ ಬೇಸಿಗೆಯಲ್ಲಿ ಬತ್ತಿ ಬಿರಿಯುತ್ತಿತ್ತು. ಗದ್ದೆಗೆ ಗೋಡು ಹೊಡೆಯಲು ಕೆರೆಯಂಗಳ ಅಗೆದಾಗ ಮಣ್ಣಿನೊಳಗಿಂದ ಜೀವಂತ ಆಮೆಗಳು ಬರುತ್ತಿದ್ದವು; ಮೆತ್ತನೆಯ ಚಿಪ್ಪು, ಹಿಂಗಾಲುಗಳನ್ನು ಮುಚ್ಚಿಕೊಳ್ಳಲು ಹೊಟ್ಟೆಯ ಕಡೆ ಎರಡು ಮಡಿಕೆಗಳು. ಅವುಗಳ ಉಪವಾಸ ಚಳಿಗಲ್ಲ, ಬರಕ್ಕೆ. ಮಳೆ ಬಂದು ಕೆರೆ ತುಂಬಿದ ಮೇಲೆ ಪಾರಣೆ. ಈಗ ಅವನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬೆನ್ನಿನ ಮೇಲೆ ನಕ್ಷತ್ರ ಬಿಡಿಸಿದಂತಿರುವ ನಮ್ಮ ಕುರುಚಲು ಕಾಡಿನ ಆಮೆಗೂ ಇದೇ ರಕ್ಷೆ. ಆದರೂ ಆ ನಕ್ಷತ್ರದಾಮೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕದ್ದು ಸಾಗಿಸುವವರು ಬೆಂಗಳೂರು, ಚೆನ್ನೈ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುವುದು ತಪ್ಪಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವೂ ಅದನ್ನು ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿತು. ಇತ್ತ ಮಿಸಿಸಿಪ್ಪಿಯ ಕೆಂಪುಕಿವಿಗಳು ನಮ್ಮ ಅಂಗಡಿಗಳಿಗೆ ಬಂದು, ಸಾಕಿದವರಿಗೆ ಬೇಸರವಾದ ಮೇಲೆ ನಮ್ಮ ಕೆರೆಗಳಿಗೆ ಬಿದ್ದು, ಅಲ್ಲಿಯ ಹಳೆಯ ಒಕ್ಕಲುಗಳನ್ನು ಎಬ್ಬಿಸುತ್ತಿವೆ. ಲೋಕದ ವ್ಯಾಪಾರ ವಿಚಿತ್ರ.

ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿದವನಾದ್ದರಿಂದ ನನಗೆ ಇನ್ನೊಂದು ಆಮೆಯ ಪರಿಚಯವೂ ಇತ್ತು. ಇಂಗ್ಲೆಂಡಿನ ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ತನ್ನ ಊರಿನ ನಿಸರ್ಗವನ್ನು ಕುರಿತು ಬರೆದ ಗ್ರಂಥಕ್ಕೆ 1789ರ ಮುದ್ರೆಯಿದೆ. ಅದರಲ್ಲಿ ಬರುವ ಟಿಮೊತಿ ಎಂಬ ನೆಲದಾಮೆ ಸಸೆಕ್ಸಿನಲ್ಲಿ ಅವನ ಸೋದರತ್ತೆಯ ತೋಟದಲ್ಲಿ ಬಹುಕಾಲ ಇತ್ತು. ಆಕೆ ತೀರಿಕೊಂಡ ಮೇಲೆ, 1780ರ ಮಾರ್ಚ್ ತಿಂಗಳಲ್ಲಿ, ಮಲಗಿದ್ದ ಆಮೆಯನ್ನು ಮಣ್ಣಿನಿಂದ ಅಗೆದು ತೆಗೆದು, ಕುದುರೆಯ ಗಾಡಿಯಲ್ಲಿ 80 ಮೈಲಿ ಕೂರಿಸಿ ವೈಟ್ ತನ್ನ ಮನೆಗೆ ತಂದ. ಸತ್ತವರ ಮನೆಯ ಪಾತ್ರೆಪಡಗದಂತೆ ಅದು ಅವನ ಪಾಲಿಗೆ ಬಂತು. ನವೆಂಬರಿನಲ್ಲಿ ಮಣ್ಣಿಗಿಳಿದು ಏಪ್ರಿಲಿನಲ್ಲಿ ಏಳುವುದು ಟಿಮೊತಿಯ ವಾಡಿಕೆ. ವೈಟ್ ಅದನ್ನು ವರ್ಷ ವರ್ಷ ತೂಗುತ್ತಿದ್ದ. ತೂಕ ಆರು ಪೌಂಡುಗಳಿಗೆ ತುಸು ಮೇಲೆ. ಕಿವಿಯಿದೆಯೋ ಎಂದು ಕಹಳೆಯಂಥ ಕೊಳವೆಯಿಂದ ಕೂಗಿ ನೋಡಿದ್ದೂ ಉಂಟು, ಅದು ಲಕ್ಷಿಸಲಿಲ್ಲ. ಇಷ್ಟೊಂದು ನಿದ್ದೆಮಾಡುವ ಪ್ರಾಣಿಗೆ ದೇವರು ಅಷ್ಟೊಂದು ಆಯುಸ್ಸನ್ನು ಏಕೆ ಕೊಟ್ಟನೆಂದು ಆ ಪಾದ್ರಿಗೆ ಸೋಜಿಗ.

ನನ್ನ ಮನಸ್ಸಿಗೆ ಹಿಡಿದದ್ದು ಅವನ ದಿನಚರಿ. ಕೋಗಿಲೆಯ ಮೊದಲ ಕೂಗು, ಸೌತೆಯ ಮೊದಲ ಹೂ ಇವುಗಳ ನಡುವೆ, ಆಮೆ ಎದ್ದಿತು, ಆಮೆ ತಿನ್ನತೊಡಗಿತು ಎಂಬ ಸುದ್ದಿಗಳೂ ಬರುತ್ತವೆ. ಎದ್ದ ದಿನವೇ ಅದು ತಿನ್ನುತ್ತಿರಲಿಲ್ಲ. ಬಿಸಿಲು ಬಲಿಯುವವರೆಗೆ ಉಪವಾಸ. ವೈಟ್ ಅದರ ಬಾಯಿಗೆ ಸೊಪ್ಪು ತುರುಕಲಿಲ್ಲ, ಕಾದ. ಅವನು 1793ರಲ್ಲಿ ಕಾಲವಾದ. ಮರುವರ್ಷದ ವಸಂತದಲ್ಲಿ ಆಮೆಯೂ ಹೋಯಿತು. ಅದರ ಚಿಪ್ಪು ಲಂಡನ್ನಿನ ನಿಸರ್ಗೇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಆ ಚಿಪ್ಪನ್ನು ಪರೀಕ್ಷಿಸಿದಾಗ ಟಿಮೊತಿ ಹೆಣ್ಣೆಂದು ಗೊತ್ತಾಯಿತು! ಹದಿಮೂರು ವರ್ಷ ದಿನವೂ ನೋಡಿದವನಿಗೂ ಒಂದು ಪ್ರಾಣಿಯ ವಿಷಯ ಇಷ್ಟು ಮುಚ್ಚಿರಬಹುದು.

ಡಿಸೆಂಬರ್ 27ರಂದು ಸರೀಸೃಪಗಳ ಚಿಕಿತ್ಸೆಯಲ್ಲಿ ಪಳಗಿದ ವೈದ್ಯೆಯೊಬ್ಬರಲ್ಲಿಗೆ ಕಾಸವ್ವನನ್ನು ಕರೆದುಕೊಂಡು ಹೋದೆವು. ಕಾರನ್ನು ಮೊದಲೇ ಬಿಸಿಮಾಡಿ, ಬಿಸಿನೀರಿನ ಚೀಲದ ಪಕ್ಕದಲ್ಲಿ ಟವಲು ಸುತ್ತಿ, ಪೆಟ್ಟಿಗೆಯಲ್ಲಿಟ್ಟು. ತೂಕ ನವೆಂಬರಿನಲ್ಲಿ 2140 ಗ್ರಾಂ ಇದ್ದದ್ದು 2065ಕ್ಕೆ ಇಳಿದಿತ್ತು. ವೈದ್ಯೆ ಕಣ್ಣು ನೋಡಿದರು, ಊದಿರಲಿಲ್ಲ. ಮೂಗಿನಲ್ಲಿ ನೊರೆಯಿರಲಿಲ್ಲ. ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತದೆಯೇ ಎಂದು ಕೇಳಿದರು. ಶ್ವಾಸಕೋಶ ಕೆಟ್ಟದ್ದರ ಗುರುತಂತೆ ಅದು. ಇಲ್ಲವೆಂದೆವು. ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿದ್ದರೂ ಹೆಣ್ಣಾಮೆ ಉಣ್ಣುವುದಿಲ್ಲವೆಂದು ಅದನ್ನೂ ಪರೀಕ್ಷಿಸಿದರು, ಅದೂ ಇರಲಿಲ್ಲ. ತೊಟ್ಟಿಯ ಮೇಲಿನ ದೀಪವನ್ನು ಬದಲಾಯಿಸಿ ಎಷ್ಟು ದಿನವಾಯಿತು ಎಂದರು. ಒಂದೂವರೆ ವರ್ಷ. ಬೆಳಕು ಕಾಣುತ್ತಿದ್ದರೂ ಆಮೆಗೆ ಬೇಕಾದ ಅತಿನೇರಳೆ ಕಿರಣ ಅಂಥ ದೀಪಗಳಲ್ಲಿ ಆರೆಂಟು ತಿಂಗಳಿಗೇ, ಹೆಚ್ಚೆಂದರೆ ವರ್ಷಕ್ಕೆ ಸೊರಗುತ್ತದಂತೆ. ಕಿಟಕಿಯ ಬಿಸಿಲು ಸಾಲದೇ ಎಂದು ನಾನು ಕೇಳಿದೆ. ತೊಟ್ಟಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಲು ನಾನೇ ಬಂದ ವಾರದಲ್ಲಿ ಸಲಹೆ ಕೊಟ್ಟಿದ್ದೆ. ಗಾಜು ಆ ಕಿರಣವನ್ನು ತಡೆಯುತ್ತದೆ, ಚಳಿಯನ್ನು ಅಷ್ಟಾಗಿ ತಡೆಯುವುದಿಲ್ಲ ಎಂದು ಆಕೆ ನಕ್ಕರು.

ಆಮೇಲೆ ಮಗುವಿನ ನೋಟುಪುಸ್ತಕವನ್ನು ತೆರೆದರು. ನಾಲ್ಕು ಗಂಟೆಯ ಉಷ್ಣಮಾನ ನವೆಂಬರಿನ ಮೊದಲಿಗೆ 77 ಫಾರೆನ್‌ಹೀಟ್ ಡಿಗ್ರಿ, ಡಿಸೆಂಬರಿನಲ್ಲಿ 72. ಸೆಂಟಿಗ್ರೇಡಿನಲ್ಲಿ 25 ಮತ್ತು 22. ‘ಬೆಳಗಿನ ಜಾವದಲ್ಲಿ ಎಷ್ಟಿರುತ್ತದೆ?’ ಎಂದು ಮಗುವನ್ನು ಕೇಳಿದರು. ಮಗುವಿಗೆ ಗೊತ್ತಿರಲಿಲ್ಲ. ‘ನಾಳೆ ಆರು ಗಂಟೆಗೆ ನೋಡು’ ಎಂದರು. ಬಲವಂತವಾಗಿ ಏನನ್ನೂ ತಿನ್ನಿಸಬೇಡಿ, ದೊಡ್ಡ ಆಮೆ ಕೆಲವು ವಾರ ಉಪವಾಸವಿರಬಲ್ಲದು, ಮೊದಲು ಬಿಸುಪು ಆಮೇಲೆ ಊಟ ಎಂಬುದೇ ಅವರು ಕೊಟ್ಟ ಮದ್ದು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾನು ಕಾಫಿಯ ಲೋಟ ಹಿಡಿದು ಊಟದ ಮನೆಗೆ ಬಂದಾಗ, ಮಗು ತೊಟ್ಟಿಯ ಮುಂದೆ ಟಾರ್ಚ್ ಹಿಡಿದು ನಿಂತಿತ್ತು. ‘ಅರವತ್ತಮೂರು’ ಎಂದಿತು. 17 ಸೆಂಟಿಗ್ರೇಡ್ ಡಿಗ್ರಿ! ಹೀಟರು ಕೆಟ್ಟಿದೆಯೆಂದು ಅಳಿಯ ತೊಟ್ಟಿಯ ಹಿಂದೆ ಬಗ್ಗಿದ. ಹೀಟರಿನ ತಂತಿ, ದೀಪದ ತಂತಿ, ನೀರು ಸೋಸುವ ಯಂತ್ರದ ತಂತಿ, ಮೂರೂ ಒಂದೇ ಹಲಗೆಗೆ ಸೇರಿದ್ದವು. ಆ ಹಲಗೆಗೊಂದು ಗುಂಡಿ. ಗುಂಡಿ ಆರಿತ್ತು.

ಓದುಗರು ಆಗಲೇ ಊಹಿಸಿರಬಹುದು. ನಮ್ಮ ಕಾಲದವರಿಗೆ ಮಲಗುವ ಮುನ್ನ ಮನೆಯನ್ನೆಲ್ಲ ಸುತ್ತಿ, ಹಾಲಿಗೆ ಮುಚ್ಚಳ ಹಾಕಿದೆಯೇ ನೋಡಿ, ಬಾಗಿಲ ಚಿಲಕ ಎಳೆದು, ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದಲ್ಲದೆ ನಿದ್ದೆ ಬರುವುದಿಲ್ಲ. ಮೈಸೂರಿನಲ್ಲಿ ನಲವತ್ತು ವರ್ಷ ಹೀಗೆ ಮಾಡಿದ್ದೆ. ನಾನು ಸುತ್ತಿ ಬರುವವರೆಗೆ ನನ್ನ ಹೆಂಡತಿ ಹಾಸಿಗೆಯ ಮೇಲೆ ಎಚ್ಚರವಾಗಿದ್ದು, ‘ಆಯಿತೇ?’ ಎನ್ನುತ್ತಿದ್ದಳು. ಮಗಳ ಮನೆಯಲ್ಲಿಯೂ ಕೈ ತನ್ನ ಅಭ್ಯಾಸವನ್ನು ಬಿಡಲಿಲ್ಲ. ತೊಟ್ಟಿಯ ದೀಪ ರಾತ್ರಿಯೆಲ್ಲ ಉರಿಯುವುದೇಕೆಂದು ಹಲಗೆಯ ಗುಂಡಿಯನ್ನು ಒತ್ತುತ್ತಿದ್ದೆ. ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮಗು ದೀಪ ಹೊತ್ತಿಸಲೆಂದು ಅದನ್ನೇ ಒತ್ತುತ್ತಿತ್ತು. ದೀಪದ ಜೊತೆಯಲ್ಲಿ ಹೀಟರೂ ಮತ್ತೆ ದುಡಿಯತೊಡಗಿ ಸಂಜೆಯ ಹೊತ್ತಿಗೆ ನೀರನ್ನು ತಕ್ಕಮಟ್ಟಿಗೆ ಕಾಯಿಸಿರುತ್ತಿತ್ತು. ರಾತ್ರಿಯ ವೇಳೆ ಮನೆಯ ಬಿಸಿಯನ್ನು ಅವರು ಇಳಿಸುತ್ತಾರೆ. ತೊಟ್ಟಿ ಬೇರೆ ನನ್ನ ಸಲಹೆಯಂತೆ ತಣ್ಣನೆಯ ಕಿಟಕಿಗೆ ಒರಗಿತ್ತು. ಆರು ವಾರ ಪ್ರತಿ ರಾತ್ರಿ ನಾನು ಆ ಪ್ರಾಣಿಯನ್ನು ನನ್ನ ಕೈಯಾರೆ ಹೊಸ್ತಿಲಿಗೆ ತಂದು ನಿಲ್ಲಿಸುತ್ತಿದ್ದೆ. ಹಗಲಿನಲ್ಲಿ ಅದರ ಮುಂದೆ ಸ್ಟ್ರಾಬೆರಿ ಆಡಿಸುತ್ತಿದ್ದೆ.

ನಾನೇ ಆರಿಸುತ್ತಿದ್ದೆನೆಂದು ಹೇಳಲು ಸುಲಭವಾಗಲಿಲ್ಲ. ಅಳಿಯನ ಮುಖ ನೋಡದೆ ಹೇಳಿದೆ. ಅಳಿಯ ಸಭ್ಯ, ಯಾರಿಗಾದರೂ ಆಗಬಹುದಾದದ್ದೆಂದ. ಮಗಳು ಮೊದಲು ನನ್ನನ್ನು, ಆಮೇಲೆ ತಾನು ಗದರಿಸಿದ ಮಗುವನ್ನು ನೋಡಿದಳು. ಮಗು ಏನೂ ಹೇಳಲಿಲ್ಲ. ಸಂಜೆ ಗುಂಡಿಯ ಮೇಲೆ ಒಂದು ಚೀಟಿ ಅಂಟಿತ್ತು. ವಾರಕ್ಕೊಮ್ಮೆ ಕನ್ನಡ ಕಲಿಯಲು ಹೋಗುವ ಮಗು. ಅಕ್ಷರಗಳು ದೊಡ್ಡವು, ವಾಲಿದವು: ‘ತಾತ ಆರಿಸ ಬೆಡ’. ದೀರ್ಘವನ್ನು ತಿದ್ದಲು ಮೇಷ್ಟರ ಕೈ ತುಡಿಯಿತು. ಬಿಟ್ಟೆ.

ತೊಟ್ಟಿಯನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದೆವು. ದೀಪಕ್ಕೆ ಬೇರೆ ಗುಂಡಿ, ಅದಕ್ಕೊಂದು ಗಡಿಯಾರ, ಹನ್ನೆರಡು ಗಂಟೆಯ ಹಗಲು. ಏಕೆಂದರೆ ಬಿಸಿಯಷ್ಟೇ ಅಲ್ಲ, ಹಗಲು ಕುಗ್ಗುವುದೂ ಆಮೆಗೆ ಚಳಿಗಾಲದ ಸುದ್ದಿಯನ್ನು ಹೇಳುತ್ತದೆ. ನೀರನ್ನು ಒಮ್ಮೆಲೇ ಬಿಸಿಮಾಡದೆ ಎರಡು ಮೂರು ದಿನಗಳಲ್ಲಿ 26 ಸೆಂಟಿಗ್ರೇಡ್ ಡಿಗ್ರಿಗೆ ಏರಿಸಿದೆವು. ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ 32. ಹೊಸ ದೀಪ ಬಂತು. ಆಹಾರ ಹಾಕುವುದನ್ನು ನಿಲ್ಲಿಸಿ ಕಾದೆವು. ಕಾಯುವುದೇ ಕಷ್ಟ. ಮೂರನೆಯ ದಿನ ಕಾಸವ್ವ ಕಲ್ಲನ್ನು ಹತ್ತಿ, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಬೆರಳುಗಳನ್ನು ಬಿಡಿಸಿ, ದೀಪದ ಕೆಳಗೆ ಮಲಗಿದಳು. ಐದನೆಯ ದಿನ ಗಾಜಿಗೆ ಮುಖವೊತ್ತಿದಳು.

ಜನವರಿ 8, ಭಾನುವಾರ. ಮೀನು ಹಿಡಿಯುವವರಿಗಾಗಿ ಮಾರುವ ಎರೆಹುಳುಗಳನ್ನು ಅಳಿಯ ತಂದಿದ್ದ. ಮಗು ಒಂದನ್ನು ತೊಳೆದು ಚಿಮಟಿಗೆಯಲ್ಲಿ ಹಿಡಿಯಿತು. ಕಾಸವ್ವ ಕತ್ತನ್ನು ನಿಧಾನವಾಗಿ ಚಾಚಿ, ಒಂದು ಕ್ಷಣ ನಿಂತು, ಫಕ್ಕನೆ ಕಚ್ಚಿ, ಮುಂಗಾಲಿನಿಂದ ಅರ್ಧವನ್ನು ಕಿತ್ತು ನುಂಗಿದಳು. ನೋಡಲು ರಮ್ಯವಾದ ದೃಶ್ಯವಲ್ಲ. ನಮಗೆ ಆ ಹೊತ್ತಿಗೆ ಅದಕ್ಕಿಂತ ರಮ್ಯವಾದದ್ದು ಬೇರೆ ಬೇಕಾಗಿರಲಿಲ್ಲ. ಮಗು ಕುಣಿಯಲಿಲ್ಲ, ಕೂಗಲಿಲ್ಲ. ಕೈಯನ್ನು ಸೋಪಿನಿಂದ ತೊಳೆದು, ನೋಟುಪುಸ್ತಕವನ್ನು ತೆರೆದು ಬರೆಯಿತು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲವನ್ನು ಕಾಸವ್ವನಿಗೂ ಕೊಡಬಹುದೇ ಎಂಬ ಪ್ರಶ್ನೆ ಬಂತು. ಕೂಡದೆಂದೆ. ಅವಳ ಪಾಲಿಗೆ ಕೇಲ್ ಎಂಬ ಅಲ್ಲಿಯ ಸೊಪ್ಪಿನ ಎಲೆ ಬಂತು. ಎಳೆಯದರಲ್ಲಿ ಹುಳುಹುಪ್ಪಟೆಯನ್ನು ಬಯಸುವ ಈ ಆಮೆಗಳು ವಯಸ್ಸಾದಂತೆ ಸೊಪ್ಪಿಗೆ ಒಲಿಯುತ್ತವೆ; ನಮ್ಮಲ್ಲಿ ಕೆಲವರಂತೆಯೇ.

ಫೆಬ್ರವರಿಯಲ್ಲಿ ಹೊರಡುವ ಮುನ್ನಾದಿನ ಆ ನೋಟುಪುಸ್ತಕವನ್ನು ಕೈಗೆತ್ತಿಕೊಂಡೆ. ಜನವರಿಯ ಪುಟಗಳಲ್ಲಿ ಬೆಳಗಿನ ಆರು ಗಂಟೆಯ ಉಷ್ಣಮಾನಕ್ಕೆ ಹೊಸದೊಂದು ಕಲಮು ಸೇರಿತ್ತು. ಅದರ ಬಲಕ್ಕೆ, ಅಳತೆಪಟ್ಟಿಯಿಟ್ಟು ಗೆರೆಯೆಳೆದ ಇನ್ನೊಂದು ಕಲಮು. ತಲೆಬರಹ ‘ತಾತ’. ಅದರ ಕೆಳಗೆ: ಜನವರಿ 3, ಅರ್ಧ ಚಪಾತಿ. ಜನವರಿ 4, ಸಾರು ಮಾತ್ರ. ಜನವರಿ 5, ಒಂದು ಚಪಾತಿ, ಅನ್ನ ಬೇಡ ಎಂದರು. ಹೀಗೆಯೇ ತಿಂಗಳ ಕೊನೆಯವರೆಗೆ, ಒಂದು ದಿನವೂ ಬಿಡದೆ.